ಎಂಬಸಿ ಪೆಟ್ಟಿಗೆಯಲ್ಲಿ ಬಂಗಾರ ಬಂದರೆ ಕೇಳುವವರು ಯಾರು?

ಕಾಪು ಕಡಲು · ಶನಿವಾರ ರಾತ್ರಿ 9.05

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದು ವಿಷಯ ತಲೆ ಕೊರೆಯುತ್ತಾ ಉಂಟು. ತಿಳಿದವರು ಹೇಳಿ.

ಬುಧವಾರ ನನ್ನ ತಂಗಿ ಅಬುಧಾಬಿಯಿಂದ ಊರಿಗೆ ಬಂದಳು. ಆರು ವರ್ಷದಿಂದ ಅಲ್ಲಿ ನರ್ಸ್. ಕೈಯಲ್ಲಿ ನಾಲ್ಕು ಬಳೆ, ಕುತ್ತಿಗೆಯಲ್ಲಿ ಒಂದು ಸರ. ಒಟ್ಟು ಎಂಟು ಪವನ್. ವರ್ಷಕ್ಕಿಂತ ಜಾಸ್ತಿ ಹೊರಗಿದ್ದ ಹೆಂಗಸರಿಗೆ 40 ಗ್ರಾಂ ಆಭರಣಕ್ಕೆ ಸುಂಕ ಇಲ್ಲ, ಅಂದರೆ ಐದು ಪವನ್. ಉಳಿದ ಮೂರಕ್ಕೆ ಕಟ್ಟಬೇಕು. ಒಂದು ಬಳೆ ಕೈಯಿಂದ ಬರಲೇ ಇಲ್ಲವಂತೆ. ಸೋಪು ಹಚ್ಚಿ, ನೀರು ಬಿಟ್ಟು, ಎಳೆದು ತೆಗೆದು ತೂಗಿದರು. ಮನೆಗೆ ಬಂದಾಗ ಕೈಯ ಗಂಟು ಕೆಂಪಾಗಿತ್ತು. ಅಧಿಕಾರಿಗಳ ಮೇಲೆ ನನಗೆ ದೂರಿಲ್ಲ. ಮರ್ಯಾದೆಯಿಂದಲೇ ಮಾತಾಡಿದ್ದಾರೆ, ರಸೀದಿ ಕೊಟ್ಟಿದ್ದಾರೆ, ಕಾನೂನು ಇರುವುದೇ ಹಾಗೆ.

ಆದರೆ ಊಟಕ್ಕೆ ಕೂತಾಗ ಅಪ್ಪ ಕೇಳಿದರು: "ತಿರುವನಂತಪುರದಲ್ಲಿ ಎಂಬಸಿ ಹೆಸರಲ್ಲಿ 30 ಕೆಜಿ ಬಂಗಾರ ಬಂದಿತ್ತಲ್ವಾ? ಅದರ ಬಳೆ ಯಾರು ತೆಗೆಸಿದ್ದು?"

ಲೆಕ್ಕ ಹಾಕಿ ನೋಡಿದೆ. 30 ಕೆಜಿ ಅಂದರೆ 3,750 ಪವನ್. ನನ್ನ ತಂಗಿಯ ಮೂರು ಪವನಿಗೆ ಸೋಪು ನೀರು, ಅಲ್ಲಿ 3,750 ಪವನಿಗೆ "ತೆರೆಯಬೇಡಿ" ಎಂಬ ಚೀಟಿ. ಈ ಕಾನೂನು ಯಾರು ಮಾಡಿದ್ದು, ಯಾಕೆ ಮಾಡಿದ್ದು? ಸಿಕ್ಕಿಬಿದ್ದ ಮೇಲೂ ಎಂಬಸಿಯವರು ವಿಮಾನ ಹತ್ತಿ ಹೋಗಬಹುದು ಅಂದರೆ ಹೇಗೆ?

ಬಂದರು ರಸ್ತೆ · 9.11

ಸರಿಯಾದ ಪ್ರಶ್ನೆ. ನನಗೂ ಉತ್ತರ ಬೇಕು.

ಕೊಡಿಯಾಲಬೈಲು ವಕೀಲ · 9.34

ಕಾಪು ಕಡಲು ಅವರೇ, ಕಾನೂನು ಎಂತದ್ದು ಅಂತ ಹೇಳುತ್ತೇನೆ. ಸಿಟ್ಟು ಆಮೇಲೆ ಮಾಡೋಣ.

ಇದಕ್ಕೆಲ್ಲ ಮೂಲ 1961ರ ವಿಯೆನ್ನಾ ಒಪ್ಪಂದ. ಭಾರತ 1972ರಲ್ಲಿ ಕಾಯ್ದೆ ಮಾಡಿ ಅದಕ್ಕೆ ಇಲ್ಲಿ ಬಲ ಕೊಟ್ಟಿತು. ರಾಯಭಾರ ಕಚೇರಿಯ ಅಧಿಕಾರಿಯನ್ನು ಬಂಧಿಸುವ ಹಾಗಿಲ್ಲ (29ನೇ ವಿಧಿ), ಕ್ರಿಮಿನಲ್ ಕೇಸಿನಲ್ಲಿ ವಿಚಾರಣೆ ಮಾಡುವ ಹಾಗಿಲ್ಲ (31ನೇ ವಿಧಿ), ಕಚೇರಿಯ ಸೀಲು ಹಾಕಿದ ಬ್ಯಾಗನ್ನು ತೆರೆಯುವ ಹಾಗೂ ಇಲ್ಲ, ತಡೆದು ಇಟ್ಟುಕೊಳ್ಳುವ ಹಾಗೂ ಇಲ್ಲ (27ನೇ ವಿಧಿ).

ಜನ ಇಷ್ಟು ಓದಿ ನಿಲ್ಲಿಸುತ್ತಾರೆ. ಅದೇ 27ನೇ ವಿಧಿಯಲ್ಲಿ ಇನ್ನೊಂದು ಮಾತು ಉಂಟು: ಆ ಬ್ಯಾಗಿನ ಮೇಲೆ ಹೊರಗಿನಿಂದ ಕಾಣುವ ಗುರುತು ಇರಬೇಕು, ಒಳಗೆ ಕಚೇರಿಯ ಕಾಗದಪತ್ರ, ಕಚೇರಿ ಕೆಲಸಕ್ಕೆ ಬೇಕಾದ ಸಾಮಾನು ಮಾತ್ರ ಇರಬೇಕು. ಅಧಿಕಾರಿಯ ಸ್ವಂತ ಸೂಟ್‌ಕೇಸ್ ಬೇರೆ. ಅದನ್ನು 36ನೇ ವಿಧಿ ಪ್ರಕಾರ ಬಲವಾದ ಸಂಶಯ ಇದ್ದರೆ ಅವರ ಎದುರಿನಲ್ಲೇ ತೆರೆಸಬಹುದು. ಮತ್ತೆ 41ನೇ ವಿಧಿ ಸ್ಪಷ್ಟವಾಗಿ ಹೇಳುತ್ತದೆ, ರಕ್ಷಣೆ ಇದ್ದವರೂ ಈ ನೆಲದ ಕಾನೂನು ಪಾಲಿಸಲೇಬೇಕು.

ಹಾಗಾಗಿ ಎಂಬಸಿಯವರು ಕಳ್ಳಸಾಗಣೆ ಮಾಡಿದರೆ ಅದು ಅಪರಾಧವೇ. ಇಲ್ಲಿಯ ಕೋರ್ಟು ಮುಟ್ಟುವ ಹಾಗಿಲ್ಲ ಅಷ್ಟೇ.

ಮಲ್ಪೆ ಅಲೆ · 9.41

ಅಪರಾಧ, ಆದರೆ ಮುಟ್ಟುವ ಹಾಗಿಲ್ಲ! ಇದನ್ನು ನಾವು ಒಪ್ಪಬೇಕಾ ವಕೀಲರೇ? ನಮ್ಮ ಬೋಟಿನ ಹುಡುಗರು ಸಮುದ್ರದಲ್ಲಿ ಗಡಿ ದಾಟಿದರೆ ತಿಂಗಳುಗಟ್ಟಲೆ ಪರದೇಶದ ಜೈಲಿನಲ್ಲಿ ಕೊಳೆಯುತ್ತಾರೆ. ಕೋಟು ಹಾಕಿದವನು ಬಂಗಾರ ತಂದರೆ ಬಿಸಿನೆಸ್ ಕ್ಲಾಸಿನಲ್ಲಿ ವಾಪಸು. ಎಲ್ಲ ಬ್ಯಾಗೂ ತೆರೆಯಬೇಕು. ಎಲ್ಲರದ್ದೂ. ನನ್ನ ಅಭಿಪ್ರಾಯ ಇಷ್ಟೇ.

ಕಟಪಾಡಿ ಮಟ್ಟುಗುಳ್ಳ · 9.48

ಮಲ್ಪೆ ಅಣ್ಣ, ನೂರಕ್ಕೆ ನೂರು.

ಕೊಡಿಯಾಲಬೈಲು ವಕೀಲ · 9.55

ಎಲ್ಲರದ್ದೂ ಅಂದರೆ ನಮ್ಮದೂ ಸೇರಿತು. ನಮ್ಮ ಎಂಬಸಿಯ ಬ್ಯಾಗ್ ಇಸ್ಲಾಮಾಬಾದಿನಲ್ಲಿ, ಬೀಜಿಂಗಿನಲ್ಲಿ ಇಳಿಯುತ್ತದೆ. ಅಲ್ಲಿ ತೆರೆದು ಓದಲಿ ಅಂತ ಬಿಡುತ್ತೀರಾ?

ಮಲ್ಪೆ ಅಲೆ · 9.57

ಕಾಗದ ಓದಬೇಡಿ, ಬಂಗಾರ ಹುಡುಕಿ ಅಂದೆ. ಎರಡಕ್ಕೂ ವ್ಯತ್ಯಾಸ ಇಲ್ವಾ?

ಪಣಂಬೂರು ಪಾರ್ಸೆಲ್ · 10.20

ನಾನು 28 ವರ್ಷ ಕ್ಲಿಯರಿಂಗ್ ಏಜೆಂಟರ (ಕಸ್ಟಮ್ಸ್‌ನಿಂದ ಸಾಮಾನು ಬಿಡಿಸಿ ಕೊಡುವವರು) ಆಫೀಸಿನಲ್ಲಿ ಇದ್ದವನು. ಮೊದಲು ಮುಂಬೈ, ಆಮೇಲೆ ಊರಿಗೆ ಬಂದು ಪಣಂಬೂರು. ಈಗ ನಿವೃತ್ತಿ. ಮಲ್ಪೆಯವರು ಕೇಳಿದ ವ್ಯತ್ಯಾಸದಲ್ಲೇ ಎಲ್ಲ ಉಂಟು.

ನಿಜವಾದ ಡಿಪ್ಲೊಮ್ಯಾಟಿಕ್ ಬ್ಯಾಗನ್ನು ಮುಂಬೈಯಲ್ಲಿ ಕಣ್ಣಾರೆ ನೋಡಿದ್ದೇನೆ. ದಪ್ಪ ಬಟ್ಟೆಯ ಚೀಲ. ಬಾಯಿಗೆ ಹುರಿ, ಹುರಿಗೆ ಸೀಲು, ಕುತ್ತಿಗೆಗೆ ಒಂದು ಚೀಟಿ. ಅಂಚೆಯವರ ಚೀಲದ ಹಾಗೆಯೇ. ಅದನ್ನು ಒಬ್ಬ ಮನುಷ್ಯ ಕೈಯಿಂದ ಬಿಡದೆ ಹಿಡಿದುಕೊಂಡಿದ್ದ, ಕುಳಿತರೂ ಕಾಲಿನ ನಡುವೆ. ಅದರ ತಂಟೆಗೆ ಯಾರೂ ಹೋಗುವುದಿಲ್ಲ. ಹೋಗಲೂಬಾರದು.

ಎಂಬಸಿ, ಕಾನ್ಸುಲೇಟಿನ (ಬೇರೆ ಊರುಗಳಲ್ಲಿ ವೀಸಾ, ಪಾಸ್‌ಪೋರ್ಟ್ ನೋಡುವ ಅವರ ಕಚೇರಿ) ಹೆಸರಲ್ಲಿ ಕಾರ್ಗೋದಲ್ಲಿ ಬರುವ ಪೆಟ್ಟಿಗೆಗಳು ಬೇರೆಯೇ. ತಿಂಡಿ, ಪೀಠೋಪಕರಣ, ನಲ್ಲಿ, ಏಸಿ, ಕಾರು, ಮದ್ಯ ಎಲ್ಲ. ಇದಕ್ಕೆ ಸುಂಕ ವಿನಾಯಿತಿ ಉಂಟು, ಆದರೆ ವಿನಾಯಿತಿ ಪತ್ರ ಬೇಕು, ಸಾಮಾನಿನ ಪಟ್ಟಿ ಬೇಕು, ಸಹಿ ಬೇಕು. ಇದು "ಮುಟ್ಟಬಾರದ ಬ್ಯಾಗ್" ಅಲ್ಲ. ಆದರೆ ಕೌಂಟರಿನಲ್ಲಿ ಕೂತ ಸಣ್ಣ ಅಧಿಕಾರಿಗೆ ಪೆಟ್ಟಿಗೆಯ ಮೇಲೆ ಲಾಂಛನ ಕಂಡ ಕೂಡಲೇ ಕೈ ನಡುಗುತ್ತದೆ. ದೆಹಲಿಯಿಂದ ಫೋನ್ ಬಂದರೆ ಏನು ಗತಿ ಅಂತ. ಕಳ್ಳರಿಗೆ ಆ ಹೆದರಿಕೆಯೇ ಬಂಡವಾಳ.

ತಿರುವನಂತಪುರದ ಪೆಟ್ಟಿಗೆ 2020ರ ಜೂನ್ 30ಕ್ಕೆ ಬಂದಿತ್ತು. ಸಂಶಯ ಬಂದು ಕಸ್ಟಮ್ಸ್‌ನವರು ತಡೆದರು. ಬಿಡಿ ಅಂತ ಒತ್ತಡ ಬಂತು. ಬಿಡಲಿಲ್ಲ. ವಿದೇಶಾಂಗ ಸಚಿವಾಲಯದ ಒಪ್ಪಿಗೆ ತೆಗೆದುಕೊಂಡು ಜುಲೈ 5ರಂದು ಯುಎಇ ಕಾನ್ಸುಲೇಟಿನವರ ಎದುರೇ ತೆರೆದರು. ಬಾತ್‌ರೂಮ್ ಸಾಮಾನುಗಳ ಒಳಗೆ ಬಂಗಾರ. ಸುಮಾರು 15 ಕೋಟಿ ರೂಪಾಯಿಯದ್ದು. ಕಾನೂನು ಒಂದಿಷ್ಟೂ ಮುರಿಯದೆ ತೆರೆದರು, ನೋಡಿ. ಆ ಐದು ದಿನ ಪೆಟ್ಟಿಗೆ ಬಿಡದೆ ಕೂತ ಅಧಿಕಾರಿಗಳಿಗೆ ನಾನು ಕೈ ಮುಗಿಯುತ್ತೇನೆ. ಆ ಕುರ್ಚಿಯ ಎದುರು 28 ವರ್ಷ ನಿಂತವನು ನಾನು. ಅದು ಎಷ್ಟು ಕಷ್ಟ ಅಂತ ಗೊತ್ತು.

ಕೊಡಿಯಾಲಬೈಲು ವಕೀಲ · 10.31

ಪಾರ್ಸೆಲ್ ಸಾರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಅಲ್ಲಿ ಇದ್ದದ್ದು ಎಂಬಸಿ ಅಲ್ಲ, ಕಾನ್ಸುಲೇಟ್. ಅದಕ್ಕೆ ಬೇರೆ ಒಪ್ಪಂದ, 1963ರದ್ದು. ಅದರ 35ನೇ ವಿಧಿ ಪ್ರಕಾರ ಕಾನ್ಸುಲೇಟಿನ ಬ್ಯಾಗ್ ಮೇಲೆ ಗಂಭೀರ ಸಂಶಯ ಬಂದರೆ "ನಮ್ಮೆದುರು ನೀವೇ ತೆರೆಯಿರಿ" ಅಂತ ಕೇಳಬಹುದು. ತೆರೆಯುವುದಿಲ್ಲ ಅಂದರೆ ಬಂದಲ್ಲಿಗೇ ವಾಪಸು ಕಳುಹಿಸಬಹುದು.

ಎಂಬಸಿಯ ಬ್ಯಾಗಿಗೆ ಈ ಮಾತು ಇಲ್ಲ. ಆದರೆ ಕುವೈತ್, ಬಹ್ರೇನ್, ಕತಾರ್ ಮುಂತಾದ ದೇಶಗಳು ಒಪ್ಪಂದಕ್ಕೆ ಸೇರುವಾಗಲೇ ಷರತ್ತು ಹಾಕಿದ್ದವು, ಸಂಶಯ ಬಂದರೆ ಎಂಬಸಿ ಬ್ಯಾಗನ್ನೂ ತೆರೆಸುವ ಹಕ್ಕು ನಮಗೆ ಬೇಕು ಅಂತ. ನಮ್ಮ ಅರ್ಧ ಊರೇ ದುಡಿಯುವ ದೇಶಗಳು. ಅಲ್ಲಿ ಹೀಗೆ ಯೋಚಿಸಿದ್ದರು ಅಂತ ಇಲ್ಲಿ ಎಷ್ಟು ಜನರಿಗೆ ಗೊತ್ತು?

ಬಂದರು ರಸ್ತೆ · 10.33

ಇದು ನನಗೆ ಹೊಸ ವಿಷಯ. ಹಾಗಾದರೆ ಸ್ಕ್ಯಾನ್ ಮಾಡಬಹುದಾ? ತೆರೆಯದೆ ಎಕ್ಸ್-ರೇ ಹಾಕಿದರೆ?

ಕೊಡಿಯಾಲಬೈಲು ವಕೀಲ · 10.40

ಅದೇ ಜಗಳ ಇನ್ನೂ ಮುಗಿದಿಲ್ಲ. ಒಪ್ಪಂದದಲ್ಲಿ "ತೆರೆಯಬಾರದು" ಅಂತ ಉಂಟು, ಎಕ್ಸ್-ರೇ ಬಗ್ಗೆ ಒಂದು ಅಕ್ಷರ ಇಲ್ಲ. 1989ರಲ್ಲಿ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗ ಒಂದು ಕರಡು ಮಾಡಿ, ಯಂತ್ರದಿಂದ ನೋಡುವುದೂ ಬೇಡ ಅಂದಿತು. ಅದು ಒಪ್ಪಂದ ಆಗಲೇ ಇಲ್ಲ, ಕರಡಾಗಿಯೇ ಉಳಿಯಿತು. ನನ್ನನ್ನು ಕೇಳಿದರೆ ಹೊರಗಿನಿಂದ ನಾಯಿ ಮೂಸಿ ನೋಡುವುದು ತಪ್ಪಲ್ಲ. ನಾಯಿ ಕಾಗದ ಓದುವುದಿಲ್ಲ.

ಬೈಂದೂರು ಬೆಳಗು · 10.58

ಹ್ವಾಯ್, ಇದು ನಮ್ಮ ಪಕ್ಕದ ಮನೆಯ ಕಥೆ ಮಾತ್ರ ಅಲ್ಲ. ನಾನು ಹಡಗಿನಲ್ಲಿ 19 ವರ್ಷ ಇದ್ದೆ. ಬಂದರು ಬಂದರಿನಲ್ಲಿ ಇಂಥದ್ದು ಕೇಳಿದ್ದೇನೆ. ಊರಿಗೆ ಬಂದ ಮೇಲೆ ಸುಮ್ನೆ ಕೂರಲಾಗದೆ ಓದಿದ್ದು ಇನ್ನೂ ಜಾಸ್ತಿ.

1976ರಲ್ಲಿ ಡೆನ್ಮಾರ್ಕ್, ನಾರ್ವೆ, ಸ್ವೀಡನ್, ಫಿನ್ಲೆಂಡ್ ನಾಲ್ಕೂ ಕಡೆ ಉತ್ತರ ಕೊರಿಯಾದ ರಾಜತಾಂತ್ರಿಕರು ಸಿಕ್ಕಿಬಿದ್ದರು. ಸುಂಕ ಇಲ್ಲದೆ ತಂದ ಮದ್ಯ, ಸಿಗರೇಟನ್ನು ಹೊರಗೆ ಮಾರುತ್ತಿದ್ದರು. ಎಲ್ಲರನ್ನೂ ಓಡಿಸಿದರು. 2015ರ ಮಾರ್ಚಿನಲ್ಲಿ ಢಾಕಾ ಏರ್‌ಪೋರ್ಟಿನಲ್ಲಿ ಅದೇ ದೇಶದ ಅಧಿಕಾರಿಯ ಕೈಯಲ್ಲಿ 27 ಕೆಜಿ ಬಂಗಾರ. ಅದೇ ವರ್ಷ ಮೊಜಾಂಬಿಕ್‌ನಲ್ಲಿ ಘೇಂಡಾಮೃಗದ ಕೊಂಬು, ನಾಲ್ಕೂವರೆ ಕೆಜಿ.

ಬ್ಯೂನಸ್ ಐರಿಸ್ ಕಥೆಯನ್ನು ನಾನು ಎಲ್ಲರಿಗೂ ಹೇಳುತ್ತಾ ಇರುತ್ತೇನೆ. 2016ರ ಡಿಸೆಂಬರಿನಲ್ಲಿ ಅಲ್ಲಿಯ ರಷ್ಯಾ ಎಂಬಸಿಗೆ ಸೇರಿದ ಶಾಲೆಯಲ್ಲಿ ಸೂಟ್‌ಕೇಸುಗಳಲ್ಲಿ 389 ಕೆಜಿ ಕೊಕೇನ್ ಸಿಕ್ಕಿತು. ಪೊಲೀಸರಿಗೆ ಹೇಳಿದ್ದು ಯಾರು ಗೊತ್ತುಂಟಾ? ರಷ್ಯಾದ ರಾಯಭಾರಿಯೇ. ಪೊಲೀಸರು ರಾತ್ರೋರಾತ್ರಿ ಕೊಕೇನ್ ತೆಗೆದು ಹಿಟ್ಟು ತುಂಬಿಸಿ, ಜಿಪಿಎಸ್ ಇಟ್ಟು, ಸೂಟ್‌ಕೇಸ್ ಇದ್ದಲ್ಲೇ ಇಟ್ಟರು. ವರ್ಷ ಕಾದರು. ಹಿಟ್ಟು ವಿಮಾನದಲ್ಲಿ ಮಾಸ್ಕೋಗೆ ಹೋಯಿತು, ತೆಗೆದುಕೊಳ್ಳಲು ಬಂದವರು ಸಿಕ್ಕಿಬಿದ್ದರು. ರಾಯಭಾರಿ ಮುಚ್ಚಿಹಾಕಲು ನೋಡಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಕಳುಹಿಸಿದ ದೇಶ ಮನಸ್ಸು ಮಾಡಿದರೆ ಹಿಡಿಯಬಹುದು ಮಾರ್ರೆ.

ಕಟಪಾಡಿ ಮಟ್ಟುಗುಳ್ಳ · 11.04

ಹಿಟ್ಟು ತುಂಬಿಸಿದ್ದು ಸೂಪರ್. ಢಾಕಾದವನಿಗೆ ಏನು ಶಿಕ್ಷೆ ಆಯಿತು?

ಬೈಂದೂರು ಬೆಳಗು · 11.06

ಬಂಗಾರ ಕಿತ್ತುಕೊಂಡರು, ಅವನನ್ನು ಎಂಬಸಿಗೆ ಒಪ್ಪಿಸಿದರು. ಆಮೇಲೆ ದೇಶ ಬಿಡಿಸಿದರು.

ಮಲ್ಪೆ ಅಲೆ · 11.07

27 ಕೆಜಿಗೆ ಶಿಕ್ಷೆ ವಿಮಾನದ ಟಿಕೆಟ್. ನಾನು ಹೇಳಿದ್ದು ಇದನ್ನೇ.

ಶಿರ್ವದ ಶಾಂತಕ್ಕ · ಭಾನುವಾರ ಬೆಳಿಗ್ಗೆ 6.50

ರಾತ್ರಿ ಓದಿದೆ, ಬೆಳಿಗ್ಗೆ ಬರೆಯುತ್ತಿದ್ದೇನೆ. ಸಿಟ್ಟು ನನಗೂ ಉಂಟು. ಆದರೆ "ಎಲ್ಲ ತೆರೆಯಿರಿ, ಎಲ್ಲ ರಕ್ಷಣೆ ಕಿತ್ತುಹಾಕಿ" ಅನ್ನುವಾಗ ನನಗೆ ಅಪ್ಪನ ನೆನಪಾಗುತ್ತದೆ.

1990ರಲ್ಲಿ ಅಪ್ಪ ಕುವೈತಿನಲ್ಲಿ ಒಂದು ಗ್ಯಾರೇಜಿನಲ್ಲಿದ್ದರು. ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಅಪ್ಪನ ಪಾಸ್‌ಪೋರ್ಟು ಮಾಲೀಕನ ಬೀರುವಿನಲ್ಲಿ, ಮಾಲೀಕ ಓಡಿಹೋಗಿದ್ದ. ಇಲ್ಲಿ ನಮಗೆ ಒಂದೂವರೆ ತಿಂಗಳು ಸುದ್ದಿಯೇ ಇಲ್ಲ. ಅಮ್ಮ ದಿನಾ ಸಂಜೆ ಅಂಗಡಿಯ ರೇಡಿಯೋ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಕೊನೆಗೆ ನಮ್ಮ ಎಂಬಸಿಯವರು ಬರೆದುಕೊಟ್ಟ ಒಂದು ಹಾಳೆ ಹಿಡಿದುಕೊಂಡು ಬಸ್ಸಿನಲ್ಲಿ ಬಾಗ್ದಾದ್, ಅಲ್ಲಿಂದ ಅಮ್ಮಾನ್, ಅಲ್ಲಿಂದ ಏರ್ ಇಂಡಿಯಾ. ಆಗ ಒಂದೂವರೆ ಲಕ್ಷಕ್ಕೂ ಜಾಸ್ತಿ ಭಾರತೀಯರನ್ನು ಹಾಗೆ ತಂದರು. ಆ ಹಾಳೆ ಈಗಲೂ ದೇವರ ಕೋಣೆಯಲ್ಲಿ ಉಂಟು. ಮಡಿಸಿದ ಕಡೆ ಹರಿದಿದೆ, ಸೀಲಿನ ನೇರಳೆ ಶಾಯಿ ಮಾತ್ರ ಹಾಗೆಯೇ ಉಂಟು.

ಸೈನ್ಯ ತುಂಬಿದ ಊರಿನಲ್ಲಿ ನಮ್ಮ ಅಧಿಕಾರಿಗಳು ಓಡಾಡಿ ಆ ಸೀಲು ಒತ್ತಲು ಆದದ್ದು ಅವರನ್ನು ಯಾರೂ ಮುಟ್ಟಬಾರದು ಎಂಬ ಕಾನೂನು ಇದ್ದುದರಿಂದ. ಅದಕ್ಕೇ ನನಗೆ ಈ ಬಂಗಾರ ತಂದವರ ಮೇಲೆ ಎರಡು ಪಾಲು ಸಿಟ್ಟು. ಅವರು ಕದ್ದದ್ದು ಸುಂಕ ಮಾತ್ರ ಅಲ್ಲ. ಆ ಸೀಲಿನ ಮೇಲಿನ ನಂಬಿಕೆಯನ್ನೂ ಕದ್ದರು.

ಕಾಪು ಕಡಲು · 7.15

ಶಾಂತಕ್ಕ, ನೀವು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಒಂದು ಮಾತೂ ಆಡಲಿಲ್ಲ. ನನ್ನ ಪ್ರಶ್ನೆ ಸ್ವಲ್ಪ ತಿದ್ದಿಕೊಳ್ಳುತ್ತೇನೆ. ರಕ್ಷಣೆ ಇರಲಿ. ದುರುಪಯೋಗ ಮಾಡಿದವನಿಗೆ ಶಿಕ್ಷೆ ಆಗುವ ದಾರಿ ಒಂದಾದರೂ ಉಂಟಾ?

ಕೊಡಿಯಾಲಬೈಲು ವಕೀಲ · 8.02

ಉಂಟು. ಈ ರಕ್ಷಣೆ ಆ ಮನುಷ್ಯನ ಸ್ವಂತ ಆಸ್ತಿ ಅಲ್ಲ. ಅದು ಅವನನ್ನು ಕಳುಹಿಸಿದ ದೇಶದ್ದು. 32ನೇ ವಿಧಿ ಪ್ರಕಾರ ಆ ದೇಶ ರಕ್ಷಣೆ ಹಿಂದಕ್ಕೆ ಪಡೆದರೆ ಇಲ್ಲೇ ವಿಚಾರಣೆ ಮಾಡಬಹುದು. 1997ರಲ್ಲಿ ವಾಷಿಂಗ್ಟನ್ನಿನಲ್ಲಿ ಜಾರ್ಜಿಯಾ ದೇಶದ ರಾಜತಾಂತ್ರಿಕನೊಬ್ಬ ಕುಡಿದು ಕಾರು ಓಡಿಸಿ 16 ವರ್ಷದ ಹುಡುಗಿಯೊಬ್ಬಳ ಜೀವ ತೆಗೆದ. ಅವನ ದೇಶ ರಕ್ಷಣೆ ಬಿಟ್ಟುಕೊಟ್ಟಿತು, ಅವನು ಅಲ್ಲೇ ಜೈಲಿಗೆ ಹೋದ. ಕಳ್ಳಸಾಗಣೆಯಲ್ಲಿ ಹಾಗೆ ಬಿಟ್ಟುಕೊಡುವುದು ಕಡಿಮೆ. "ವಾಪಸು ಕರೆಸಿಕೊಂಡೆವು" ಅಂದುಬಿಡುತ್ತಾರೆ.

ಇನ್ನೊಂದು, ರಕ್ಷಣೆ ಇರುವುದು ನೇಮಕ ಆದ ದೇಶದಲ್ಲಿ, ಮತ್ತೆ ಅಲ್ಲಿಗೆ ಹೋಗಿ ಬರುವ ದಾರಿಯಲ್ಲಿ. 1960ರಲ್ಲಿ ಗ್ವಾಟೆಮಾಲಾದ ರಾಯಭಾರಿಯೊಬ್ಬ ನ್ಯೂಯಾರ್ಕಿನಲ್ಲಿ ಸುಮಾರು 50 ಕೆಜಿ ಹೆರಾಯಿನ್ ಸಮೇತ ಸಿಕ್ಕಿಬಿದ್ದ. ಅವನು ರಾಯಭಾರಿ ಆಗಿದ್ದದ್ದು ಬೆಲ್ಜಿಯಂ, ನೆದರ್ಲೆಂಡ್ಸ್‌ಗೆ. ಅಮೆರಿಕದಲ್ಲಿ ಅವನು ಬರೀ ಪ್ರಯಾಣಿಕ. ನೇರ ಜೈಲು.

ಬಂದರು ರಸ್ತೆ · 8.20

ಮುಂಬೈಯ ಅಫ್ಘಾನಿಸ್ತಾನದ ಕಾನ್ಸುಲ್ ಜನರಲ್ ಕೇಸು ಏನು ಹಾಗಾದರೆ? 2024ರ ಏಪ್ರಿಲ್. ದುಬೈಯಿಂದ ಬಂದಾಗ ಡಿಆರ್‌ಐಯವರು (ಕಳ್ಳಸಾಗಣೆ ಹಿಡಿಯುವ ಕೇಂದ್ರದ ವಿಭಾಗ) ತಡೆದರು. ಮೈಮೇಲೆ 25 ಕೆಜಿ ಬಂಗಾರ, ಒಂದೊಂದು ಕೆಜಿಯ 25 ಗಟ್ಟಿ. ಜಾಕೆಟು, ಲೆಗ್ಗಿಂಗ್ಸ್, ಮಂಡಿಗೆ ಹಾಕುವ ಪಟ್ಟಿ, ಸೊಂಟದ ಬೆಲ್ಟ್, ಎಲ್ಲದರಲ್ಲೂ. 18 ಕೋಟಿಗೂ ಜಾಸ್ತಿ ಬೆಲೆ. ಬಂಗಾರ ಹೋಯಿತು, ಮೇ ತಿಂಗಳಲ್ಲಿ ರಾಜೀನಾಮೆ ಆಯಿತು. ಬಂಧನ ಆಗಲಿಲ್ಲ, ರಾಜತಾಂತ್ರಿಕ ಪಾಸ್‌ಪೋರ್ಟ್ ಇತ್ತು ಅಂತ. ಕಾನ್ಸುಲೇಟಿನ ಬ್ಯಾಗಿಗೆ ರಕ್ಷಣೆ ಕಡಿಮೆ ಅಂತ ನೀವೇ ಹೇಳಿದಿರಿ, ಅಲ್ಲಿಯ ಅಧಿಕಾರಿಗೂ ಹಾಗೆಯೇ ಅಲ್ವಾ?

ಕೊಡಿಯಾಲಬೈಲು ವಕೀಲ · 8.44

ಸರಿಯಾಗಿ ಹಿಡಿದಿರಿ. ಕಾನ್ಸುಲರ್ ಅಧಿಕಾರಿಯನ್ನು ಗಂಭೀರ ಅಪರಾಧ ಆದಾಗ, ಕೋರ್ಟಿನ ಆದೇಶ ಇದ್ದರೆ ಬಂಧಿಸಬಹುದು. ದಾರಿ ಇರುತ್ತದೆ. ಸರ್ಕಾರಗಳು ಸಾಮಾನ್ಯವಾಗಿ ಆ ದಾರಿ ಹಿಡಿಯುವುದಿಲ್ಲ, ಯಾಕೆಂದರೆ ನಾಳೆ ಅವರ ಅಧಿಕಾರಿಗೂ ಅದೇ ಆಗಬಹುದು. 2013ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ನಮ್ಮ ಕಾನ್ಸುಲೇಟಿನ ಅಧಿಕಾರಿಯನ್ನು ಬಂಧಿಸಿದಾಗ ದೇಶವೇ ಎದ್ದು ನಿಂತಿತ್ತು. ಅದು ಮನೆಕೆಲಸದವರ ಸಂಬಳ, ವೀಸಾ ಕಾಗದದ ಕೇಸು, ಕಳ್ಳಸಾಗಣೆ ಅಲ್ಲ. ಆಗ ನಾವು ಏನು ಮಾಡಿದೆವು? ದೆಹಲಿಯ ಅಮೆರಿಕ ಎಂಬಸಿ ಎದುರಿನ ಕಾಂಕ್ರೀಟ್ ತಡೆಗಳನ್ನು ತೆಗೆಸಿದೆವು, ಅವರ ಏರ್‌ಪೋರ್ಟ್ ಪಾಸು ವಾಪಸು ಪಡೆದೆವು, ಸುಂಕ ಇಲ್ಲದೆ ಬರುವ ಮದ್ಯದ ಪೆಟ್ಟಿಗೆಗೂ ತಡೆ ಹಾಕಿದೆವು.

ಮನಸ್ಸು ಬಂದರೆ ಪೆಟ್ಟಿಗೆ ನಿಲ್ಲಿಸುವುದು ನಮಗೂ ಗೊತ್ತು ಅಂತ ಆಗ ಕಂಡಿತು.

ರಥಬೀದಿ ಚಿನ್ನದ ಕೆಲಸ · 9.30

ಬಂಗಾರದ ಮಾತು ಬಂದದ್ದರಿಂದ ಸ್ವಲ್ಪ ಬೇರೆ ಕಡೆ ಹೋಗುತ್ತೇನೆ, ಬೇಸರ ಮಾಡಬೇಡಿ.

ನಾವು ಮೂರು ತಲೆಮಾರಿನಿಂದ ಬಂಗಾರದ ಕೆಲಸದವರು. 1963ರಲ್ಲಿ ಗೋಲ್ಡ್ ಕಂಟ್ರೋಲ್ ಬಂತು. 14 ಕ್ಯಾರೆಟ್‌ಗಿಂತ ಮೇಲಿನ ಒಡವೆ ಮಾಡಬಾರದು ಅಂದರು. 14 ಕ್ಯಾರೆಟ್ ಕರಿಮಣಿ ಯಾರಿಗೆ ಬೇಕು? ಅಜ್ಜ ಕುಲುಮೆ ಮುಚ್ಚಿ ಒಂದು ವರ್ಷ ಬೀಡಿ ಕಟ್ಟಿದರು. ಅದೇ ಕಾಲದಲ್ಲಿ ಮಲ್ಪೆಯಿಂದ ಭಟ್ಕಳದ ವರೆಗೆ ರಾತ್ರಿ ಬಿಸ್ಕತ್ತು ಇಳಿಯುತ್ತಿತ್ತು ಅಂತ ಅಜ್ಜನೇ ಹೇಳುತ್ತಿದ್ದರು. ತಿನ್ನುವ ಬಿಸ್ಕತ್ತಲ್ಲ. 1990ರಲ್ಲಿ ಆ ಕಾಯ್ದೆ ತೆಗೆದರು. 2012ರಿಂದ ಸುಂಕ ಏರತೊಡಗಿತು. 2022ರಲ್ಲಿ 15 ಶೇಕಡಾ ಆಯಿತು, 2024ರ ಜುಲೈಯಲ್ಲಿ 6ಕ್ಕೆ ಇಳಿಸಿದರು.

15 ಶೇಕಡಾ ಇದ್ದಾಗ ಒಂದು ಕೆಜಿ ಒಳಗೆ ತಂದವನಿಗೆ ಎಷ್ಟು ಉಳಿಯುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ಅದನ್ನು ನೂರು ಸಲ ಮಾಡಬಹುದಾದ ಬಾಗಿಲು ಸಿಕ್ಕಿದರೆ ಯಾವ ಕಳ್ಳ ಬಿಡುತ್ತಾನೆ? ರಸೀದಿ ಇಲ್ಲದ ಗಟ್ಟಿ ಹಿಡಿದುಕೊಂಡು ನನ್ನ ಅಂಗಡಿಗೂ ಬಂದಿದ್ದಾರೆ. ಮಾರುಕಟ್ಟೆಗಿಂತ ಕಡಿಮೆಗೆ ಕೊಡುತ್ತೇವೆ ಅಂದರು. ನಾನು ಮುಟ್ಟಲಿಲ್ಲ. ಮುಟ್ಟಿದವರು ಬೇಗ ಮೇಲೆ ಬಂದರು, ನಾನು ಬರಲಿಲ್ಲ. ಪಶ್ಚಾತ್ತಾಪ ಇಲ್ಲ. ಆದರೆ ಪ್ರಾಮಾಣಿಕವಾಗಿ ಸುಂಕದ ಬಂಗಾರ ಕೊಂಡವನಿಗೆ ಇದು ನೇರ ಪೆಟ್ಟು ಅಂತ ಎಲ್ಲರಿಗೂ ಗೊತ್ತಿರಲಿ.

ಕಟಪಾಡಿ ಮಟ್ಟುಗುಳ್ಳ · 9.36

ರಥಬೀದಿಯವರೇ, ಈಗ ಪವನಿಗೆ ಎಷ್ಟು? ಅಕ್ಕನ ಮಗಳ ಮದುವೆ ಉಂಟು.

ರಥಬೀದಿ ಚಿನ್ನದ ಕೆಲಸ · 9.38

ಇಲ್ಲಿ ಬೇಡ, ಮೆಸೇಜ್ ಮಾಡಿ. ಚರ್ಚೆ ದಾರಿ ತಪ್ಪುತ್ತದೆ.

ಮೂಡುಬಿದಿರೆ ಸಾವಿರ ಕಂಬ · 9.52

ಇದೆಲ್ಲ ಕೇರಳದವರ ಕೆಲಸ. ನಮ್ಮಲ್ಲಿ ಹಾಗೆ ಇಲ್ಲ.

ಪಣಂಬೂರು ಪಾರ್ಸೆಲ್ · 10.01

ಹಾಗೆ ಹೇಳಬೇಡಿ. ತಿರುವನಂತಪುರದ ಕೇಸಿನ ಇಬ್ಬರು ಆರೋಪಿಗಳನ್ನು ಎನ್‌ಐಎ ಹಿಡಿದದ್ದು ನಮ್ಮ ಬೆಂಗಳೂರಿನಲ್ಲಿ. 2025ರ ಮಾರ್ಚಿನಲ್ಲಿ ಬೆಂಗಳೂರು ಏರ್‌ಪೋರ್ಟಿನಲ್ಲಿ ಒಬ್ಬ ಕನ್ನಡ ನಟಿ 14 ಕೆಜಿಗೂ ಜಾಸ್ತಿ ಬಂಗಾರದೊಂದಿಗೆ ಸಿಕ್ಕಿಬಿದ್ದರು. ಪ್ರೋಟೋಕಾಲ್ ಸಿಬ್ಬಂದಿಯ ಜೊತೆ ಗಣ್ಯರ ದಾರಿಯಲ್ಲಿ ಹೊರಗೆ ಬರುತ್ತಿದ್ದರು ಎಂಬುದು ಆರೋಪ. ಅಲ್ಲಿ ಎಂಬಸಿಯೂ ಇಲ್ಲ, ವಿಯೆನ್ನಾವೂ ಇಲ್ಲ. "ಇವರನ್ನು ತಪಾಸಣೆ ಮಾಡಬೇಡಿ" ಎಂಬ ಅಭ್ಯಾಸ ಒಂದೇ ಸಾಕಾಯಿತು. ನಾನು ಆಗ ಹೇಳಿದ ಕೈ ನಡುಗುವ ಹೆದರಿಕೆ ಎಲ್ಲ ಊರಿನಲ್ಲೂ ಉಂಟು.

ಉಳ್ಳಾಲದ ಅತ್ತೆ · 10.47

ನಾನು ಹೀಗೆ ಬರೆಯುವುದು ಇದೇ ಮೊದಲು. ಮಗ ಟೈಪ್ ಮಾಡಿ ಕೊಡುತ್ತಿದ್ದಾನೆ.

ನೀವೆಲ್ಲ 30 ಕೆಜಿ, 25 ಕೆಜಿ ಅನ್ನುತ್ತೀರಿ. ನನ್ನ ಅಣ್ಣನ ಮಗ ಹಿಡಿಸಿಕೊಂಡದ್ದು ಒಂದು ಕೆಜಿಗೂ ಕಡಿಮೆಯಲ್ಲಿ. ದುಬೈಯಲ್ಲಿ ಕೆಲಸ ಹೋಗಿ ನಾಲ್ಕು ತಿಂಗಳು ರೂಮಿನ ಬಾಡಿಗೆ ಕಟ್ಟಿರಲಿಲ್ಲ. ಯಾರೋ ಬಂದು ಟಿಕೆಟ್ ಕೊಡುತ್ತೇವೆ, ಕೈಗೆ ಇಪ್ಪತ್ತು ಸಾವಿರ ಕೊಡುತ್ತೇವೆ, ಇದೊಂದು ತೆಗೆದುಕೊಂಡು ಹೋಗು ಅಂದರು. ಬಂಗಾರವನ್ನು ಪೇಸ್ಟ್ ಮಾಡಿ ಬನಿಯನಿನ ಎರಡು ಪದರದ ನಡುವೆ ಹಚ್ಚಿ ಹೊಲಿದಿದ್ದರು. ಭಾರಕ್ಕೆ ಹೆಗಲು ಜಗ್ಗುತ್ತಿತ್ತಂತೆ. ವಿಮಾನದಲ್ಲಿ ನಾಲ್ಕು ಗಂಟೆ ನೀರೂ ಕುಡಿಯದೆ ಕೂತಿದ್ದ. ಇಳಿದ ಕೂಡಲೇ ಹಿಡಿದರು.

ತಪ್ಪು ಮಾಡಿದ, ನಾನು ಇಲ್ಲ ಅನ್ನುವುದಿಲ್ಲ. ಕಳುಹಿಸಿದವರ ಫೋನ್ ಅಂದಿನಿಂದ ಸ್ವಿಚ್ ಆಫ್. ಬಂಗಾರ ಹೋಯಿತಲ್ಲ, ಅದರ ಹಣ ಕೊಡು ಅಂತ ಎರಡು ಸಲ ಮನೆಗೆ ಬಂದವರು ಮಾತ್ರ ಬೇರೆ. ನನ್ನ ಅಣ್ಣ ಹಿತ್ತಿಲು ಮಾರಿದ. ಹಲಸಿನ ಮರ ಇದ್ದ ಹಿತ್ತಿಲು. ದೊಡ್ಡವರಿಗೆ ಪಾಸ್‌ಪೋರ್ಟಿನ ಬಣ್ಣ ಕಾಯುತ್ತದೆ. ನಮ್ಮ ಹುಡುಗನನ್ನು ಕಾಯಲು ಯಾರಿದ್ದರು?

ಮಲ್ಪೆ ಅಲೆ · 10.55

ಅತ್ತೆ, ಓದಿ ಹೊಟ್ಟೆ ಉರಿಯಿತು. ಹುಡುಗ ಈಗ ಹೇಗಿದ್ದಾನೆ?

ಉಳ್ಳಾಲದ ಅತ್ತೆ · 11.10

ಜಾಮೀನಿನಲ್ಲಿ ಇದ್ದಾನೆ. ಮೀನಿನ ಲಾರಿಗೆ ಐಸ್ ತುಂಬಿಸುತ್ತಾನೆ. ಯಾರ ಮುಖವನ್ನೂ ನೋಡುವುದಿಲ್ಲ.

ಅಂಬಲಪಾಡಿ ಅಡುಗೆ ಭಟ್ಟ · 12.25

ಅತ್ತೆಯವರ ಮಾತು ಓದಿದ ಮೇಲೆ ನಾನು ಸುಮ್ಮನಿರಲು ಆಗುವುದಿಲ್ಲ.

ನಾನು ದೆಹಲಿಯ ಚಾಣಕ್ಯಪುರಿಯಲ್ಲಿ ಒಬ್ಬ ವಿದೇಶಿ ಅಧಿಕಾರಿಯ ಮನೆಯಲ್ಲಿ ಐದು ವರ್ಷ ಅಡುಗೆ ಮಾಡಿದವನು. ಯಾವ ದೇಶ ಅಂತ ಹೇಳುವುದಿಲ್ಲ. ಸಾಹೇಬರಿಗೆ ಇಡ್ಲಿ, ನೀರುದೋಸೆ ಅಂದರೆ ಪ್ರಾಣ. ನನ್ನ ಜೊತೆ ಒಬ್ಬ ಡ್ರೈವರ್ ಇದ್ದ, ಗಢವಾಲದ ಕಡೆಯವನು. ಒಂದೇ ಕ್ವಾರ್ಟರ್ಸ್, ಒಂದೇ ಸ್ಟೌವ್.

ಸಾಹೇಬರ ಹೆಸರಲ್ಲಿ ಸುಂಕ ಇಲ್ಲದ ವಿಸ್ಕಿ ಪೆಟ್ಟಿಗೆ ಬರುತ್ತಿತ್ತು. ಪಾರ್ಟಿ ತಿಂಗಳಿಗೆ ಒಂದೋ ಎರಡೋ. ಪೆಟ್ಟಿಗೆ ಮಾತ್ರ ಮೂವತ್ತು, ನಲವತ್ತು. ಅಡುಗೆಮನೆಯ ಹಿಂದಿನ ಸ್ಟೋರಿನಲ್ಲಿ ಗೋಡೆಗೆ ಒತ್ತಿ ಇಡುತ್ತಿದ್ದರು. ನನ್ನ ಅಕ್ಕಿ ಡಬ್ಬಕ್ಕೆ ಜಾಗ ಇರುತ್ತಿರಲಿಲ್ಲ. ಎರಡು ದಿನ ಬಿಟ್ಟು ನೋಡಿದರೆ ಸ್ಟೋರ್ ಖಾಲಿ. ನೆಲದ ಧೂಳಿನಲ್ಲಿ ಪೆಟ್ಟಿಗೆಯ ಚೌಕ ಗುರುತು ಮಾತ್ರ. ರಾತ್ರಿ ಹಿಂದಿನ ಗೇಟಿನಿಂದ ಕಾರಿನಲ್ಲಿ ಹೋಗುತ್ತಿತ್ತು. ನೀಲಿ ನಂಬರ್ ಪ್ಲೇಟಿನ ಕಾರನ್ನು ಯಾವ ಪೊಲೀಸರೂ ನಿಲ್ಲಿಸುವುದಿಲ್ಲ.

ಡ್ರೈವರ್ ಒಂದು ಸಲ ಬೇಡ ಸಾಬ್ ಅಂದನಂತೆ. ಕೆಲಸ ಬೇಕಾ ಬೇಡವಾ ಅಂತ ಕೇಳಿದರಂತೆ. ಅವನಿಗೆ ಊರಿನಲ್ಲಿ ಮೂವರು ಹೆಣ್ಣುಮಕ್ಕಳು.

ಒಂದು ಸಲ ಕಾರು ರಿಪೇರಿಯಲ್ಲಿತ್ತು. ಬಾಡಿಗೆ ವ್ಯಾನಿನಲ್ಲಿ ಸಾಗಿಸುವಾಗ ಹಿಡಿದರು. ಡ್ರೈವರ್ ಸಾಹೇಬರ ಹೆಸರು ಹೇಳಿದ. ಸಾಹೇಬರು ನನಗೇನೂ ಗೊತ್ತಿಲ್ಲ ಅಂದರು. ಮೂರು ವಾರದಲ್ಲಿ ಅವರಿಗೆ ಬೇರೆ ದೇಶಕ್ಕೆ ವರ್ಗ ಆಯಿತು. ಹೋಗುವ ದಿನ ನನಗೆ ಒಂದು ಗಡಿಯಾರ ಕೊಟ್ಟರು. ನಾನು ಟೇಬಲ್ ಮೇಲೆಯೇ ಇಟ್ಟು ಬಂದೆ.

ಕೊಡಿಯಾಲಬೈಲು ವಕೀಲ · 12.50

ಭಟ್ಟರೇ, ನೀವು ಹೇಳಿದ್ದು ಕಾನೂನಿನಲ್ಲೇ ಇರುವ ತೂತು. 38ನೇ ವಿಧಿ ಪ್ರಕಾರ ಎಂಬಸಿಯಲ್ಲಿ ಕೆಲಸ ಮಾಡುವ ಇಲ್ಲಿಯ ಜನರಿಗೆ ನಮ್ಮ ಸರ್ಕಾರ ಕೊಟ್ಟಷ್ಟೇ ರಕ್ಷಣೆ. ಡ್ರೈವರಿಗೆ, ಅಡುಗೆಯವರಿಗೆ ಅದು ಇಲ್ಲ ಅಂತಲೇ ಲೆಕ್ಕ. ತಿರುವನಂತಪುರದಲ್ಲೂ ನೋಡಿ, ಜೈಲಿಗೆ ಹೋದವರು ಇಲ್ಲಿಯವರು. ಕಾನ್ಸುಲೇಟಿನ ಅಟ್ಯಾಷೆ, ಅಂದರೆ ಅಲ್ಲಿಯ ಯುಎಇ ಅಧಿಕಾರಿ, ಜುಲೈಯಲ್ಲೇ ದೇಶ ಬಿಟ್ಟಾಗಿತ್ತು. ಇಲ್ಲಿಯವರು ತಪ್ಪಿಲ್ಲದವರು ಅಂತ ನಾನು ಹೇಳುತ್ತಿಲ್ಲ, ಅದನ್ನು ಕೋರ್ಟು ನೋಡಲಿ. ಆದರೆ ಅರ್ಧ ಕೇಸು ಮಾತ್ರ ಕೋರ್ಟಿಗೆ ಬರುತ್ತದೆ.

ಪಣಂಬೂರು ಪಾರ್ಸೆಲ್ · 1.15

ಇಲ್ಲೇ ಸರ್ಕಾರ ಮಾಡಬಹುದಾದ ಕೆಲಸ ಉಂಟು. ವಿಯೆನ್ನಾಕ್ಕೆ ಹೋಗುವುದೇ ಬೇಡ. ಒಂದು ಮನೆಗೆ ತಿಂಗಳಿಗೆ ನಲವತ್ತು ಪೆಟ್ಟಿಗೆ ವಿಸ್ಕಿ ಯಾಕೆ ಅಂತ ವಿನಾಯಿತಿ ಪತ್ರಕ್ಕೆ ಸಹಿ ಹಾಕುವವರು ಕೇಳಬೇಕು. ತಿರುವನಂತಪುರದ ಕಾನ್ಸುಲೇಟಿನ ಹೆಸರಲ್ಲಿ ಕೆಲವು ವರ್ಷಗಳಲ್ಲಿ 17,000 ಕೆಜಿ ಖರ್ಜೂರ ಬಂದಿತ್ತು. ಕಸ್ಟಮ್ಸ್‌ನವರು ಅದರ ಮೇಲೂ ಕೇಸು ಹಾಕಿದರು, ವಿನಾಯಿತಿಯ ಸಾಮಾನು ಹೊರಗೆ ಹೋಯಿತು ಅಂತ. ಒಂದು ಆಫೀಸು 17 ಟನ್ ಖರ್ಜೂರ ತಿನ್ನುವುದಿಲ್ಲ ಎಂಬುದು ಪಟ್ಟಿ ನೋಡಿದ ಮೊದಲ ಗುಮಾಸ್ತನಿಗೇ ಹೊಳೆಯಬೇಕಿತ್ತು.

ಮಲ್ಪೆ ಅಲೆ · 1.30

ನಿನ್ನೆ ರಾತ್ರಿ ಎಲ್ಲ ಬ್ಯಾಗೂ ತೆರೆಯಿರಿ ಅಂದಿದ್ದೆ. ಶಾಂತಕ್ಕ ಹೇಳಿದ ಮೇಲೆ ಆ ಮಾತು ವಾಪಸು ತೆಗೆದುಕೊಂಡೆ. ಬಟ್ಟೆಯ ಚೀಲ ಮುಟ್ಟಬೇಡಿ. ಆದರೆ ನಲ್ಲಿ, ಖರ್ಜೂರ, ವಿಸ್ಕಿ ಬರುವ ಕಾರ್ಗೋ ಪೆಟ್ಟಿಗೆ ಒಂದೊಂದನ್ನೂ ಸ್ಕ್ಯಾನ್ ಮಾಡಲಿ. ಇದರಲ್ಲಿ ನಾನು ಸೋಲುವುದಿಲ್ಲ.

ಬೈಂದೂರು ಬೆಳಗು · 1.34

ಒಪ್ಪಿದೆ. ಲಂಡನ್ನಿನ ಹತ್ತಿರ 1984ರಲ್ಲಿ ಹೀಗೆಯೇ ಒಂದು ಪೆಟ್ಟಿಗೆ ತೆರೆದು ಮನುಷ್ಯನನ್ನೇ ಉಳಿಸಿದರು. ನೈಜೀರಿಯಾದ ಮಾಜಿ ಮಂತ್ರಿಗೆ ಮತ್ತಿನ ಮದ್ದು ಕೊಟ್ಟು ಪೆಟ್ಟಿಗೆಗೆ ಹಾಕಿ ವಿಮಾನಕ್ಕೆ ಏರಿಸುವವರಿದ್ದರು. ಪೆಟ್ಟಿಗೆಯ ಮೇಲೆ ಡಿಪ್ಲೊಮ್ಯಾಟಿಕ್ ಬ್ಯಾಗ್ ಎಂಬ ಸರಿಯಾದ ಗುರುತು ಇರಲಿಲ್ಲ. ಅಲ್ಲಿದ್ದ ಕಸ್ಟಮ್ಸ್ ಅಧಿಕಾರಿಗೆ ನಿಯಮ ಬಾಯಿಪಾಠ ಇತ್ತು, ತೆರೆಸಿಬಿಟ್ಟ.

ಕಾಪು ಕಡಲು · 2.10

ಎಲ್ಲರಿಗೂ ಧನ್ಯವಾದ. ತಂಗಿಗೆ ಇಡೀ ಚರ್ಚೆ ಕಳುಹಿಸಿದೆ. ಅವಳು ಬರೆದದ್ದು: "ನನ್ನ ಬಳೆಯ ವಿಷಯ ಬಿಡು. ಆ ಡ್ರೈವರಿಗೆ ಏನಾಯಿತು ಅಂತ ಕೇಳು." ಭಟ್ಟರೇ, ಹೇಳುತ್ತೀರಾ?

ಅಂಬಲಪಾಡಿ ಅಡುಗೆ ಭಟ್ಟ · 3.40

ಹೇಳುತ್ತೇನೆ. ಐದು ತಿಂಗಳು ತಿಹಾರದಲ್ಲಿ ಇದ್ದ. ನಾನು ಎರಡು ಸಲ ಹೋಗಿ ನೋಡಿ ಬಂದೆ. ಕೇಸು ಮುಗಿಯಲು ಏಳು ವರ್ಷ ಆಯಿತು. ಅಷ್ಟರಲ್ಲಿ ನಾನು ಊರಿಗೆ ಬಂದು ಕ್ಯಾಟರಿಂಗ್ ಶುರು ಮಾಡಿದ್ದೆ. ದಂಡ ಕಟ್ಟಿ ಬಿಡುಗಡೆ ಆಯಿತು ಅಂತ ಫೋನ್ ಮಾಡಿದ. ದೊಡ್ಡ ಮಗಳ ಮದುವೆಗೆ ಕೂಡಿಟ್ಟ ಹಣ ಅದಕ್ಕೆ ಹೋಯಿತು.

ಆ ದಿನ ಫೋನಿನಲ್ಲಿ ಅವನೇ ಕೇಳಿದ: "ಪಂಡಿತ್‌ಜಿ, ಕೋರ್ಟಿನ ಕಾಗದ ಎಲ್ಲ ಓದಿಸಿದೆ. ಸಾಹೇಬರ ಹೆಸರು ಒಂದು ಕಡೆಯೂ ಇಲ್ಲ. ನಾನು ಅವತ್ತು ಹೇಳಿದ್ದೆ ಅಲ್ವಾ? ನೀವೂ ಕೇಳಿದ್ದಿರಿ ಅಲ್ವಾ?"

ಹೌದು, ನೀನು ಹೇಳಿದ್ದೆ ಅಂದೆ. ನಾನೂ ಅಲ್ಲೇ ನಿಂತಿದ್ದೆ.